ಅರಗಿನ ಮುದ್ರೆ ಬೀಳದ ಪೀಪಾಯಿ

ಗಿಡಮೂಲಿಕೆಗಳಿಂದ ಸುವಾಸನೆಯ ಎಣ್ಣೆ ಬಟ್ಟಿ ಇಳಿಸುವ ಆ ಕಾರ್ಖಾನೆಯಲ್ಲಿ ಅವಳಿಗೆ ವಾಸನೆಯಕ್ಕ ಎಂದೇ ಹೆಸರು. ಇಪ್ಪತ್ತೆಂಟು ವರ್ಷದಿಂದ ಕಿಟಕಿ ಪಕ್ಕದ ಅದೇ ಕುಂಟು ಸ್ಟೂಲು. ಅವಳು ಮೂಸಿ, ಒಂದು ತೊಟ್ಟನ್ನು ಸಾದಾ ಎಣ್ಣೆಯಲ್ಲಿ ಬೆರೆಸಿ ತನ್ನ ಮೊಣಕೈ ಒಳಮಗ್ಗುಲಿಗೆ ಹಚ್ಚಿ, ಒಂದು ದಿನ ಕಾದು, ಮುಚ್ಚಳದ ಮೇಲೆ ಅರಗಿನ ಮುದ್ರೆ ಒತ್ತಿದರೆ ಮಾತ್ರ ಪೀಪಾಯಿ ಹೊಸಿಲು ದಾಟುತ್ತಿತ್ತು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಕಾರ್ಖಾನೆಯ ಯಜಮಾನರು ಹಾಸಿಗೆ ಹಿಡಿದ ಮೇಲೆ ಬೀಗದ ಕೈ ಅವರ ಅಳಿಯನ ಸೊಂಟಕ್ಕೆ ಬಂತು. ಈ ಮಹಾಶಯ ಎಲ್ಲೋ ನಾಲ್ಕು ಹಾಳೆ ಓದಿ ಟರ್ಪೀನ್ ಎಂಬ ಮಾತು ಕಲಿತಿದ್ದ. ಅಂದಿನಿಂದ ಅದನ್ನು ಹೇಳದೆ ಸೀನುತ್ತಲೂ ಇರಲಿಲ್ಲ. ನಿಂಬೆಸಿಪ್ಪೆ, ಕಾಳುಮೆಣಸು, ಪೈನ್ ಮರದ ಅಂಟು, ಗಾಂಜಾ ಹೂವು, ಇವೆಲ್ಲದರ ಘಮಲಿನ ಹಿಂದಿರುವ ರಾಸಾಯನಿಕಗಳ ಒಂದು ಬಳಗಕ್ಕೆ ಓದಿದವರು ಇಟ್ಟ ಹೆಸರು ಅದು. ಹೆಸರು ಗೊತ್ತಿಲ್ಲದ ವಾಸನೆಯಕ್ಕ ಆ ಬಳಗದ ಒಬ್ಬೊಬ್ಬರ ಗುಣವನ್ನೂ ಬಲ್ಲಳು. ಹೆಸರು ಬಲ್ಲ ಅಳಿಯನಿಗೆ ಮೂಗಿದ್ದದ್ದು ಕನ್ನಡಕ ನಿಲ್ಲಿಸಲು.

ಅವನ ಹೊಸ ತಲೆಹರಟೆ ಗಾಂಜಾ ಘಮಲಿನ ಮೈಯೆಣ್ಣೆ. ಅದರಲ್ಲಿ ಗಾಂಜಾದ ಒಂದೆಲೆಯೂ ಇಲ್ಲ; ನಿಂಬೆಹುಲ್ಲು, ಮೆಣಸು, ಕಿತ್ತಳೆಸಿಪ್ಪೆಯ ಎಣ್ಣೆಗಳನ್ನು ಬೆರೆಸಿ ಆ ವಾಸನೆ ಕಟ್ಟುವುದು.

"ನಿದ್ದೆ ಬರುತ್ತೆ, ನೋವು ಹೋಗುತ್ತೆ, ದುಃಖ ಹೋಗುತ್ತೆ," ಎಂದ.

"ಅತ್ತೆ ಕಾಟ ಹೋಗುತ್ತಾ?" ಎಂದಳು ವಾಸನೆಯಕ್ಕ.

ಬಂದವರಿಗೆಲ್ಲ ಮೂಸಿಸುವ ಹುಚ್ಚಿನಲ್ಲಿ ಅವನು ಎರಡು ತಿಂಗಳು ದಿನವೂ ಕಿತ್ತಳೆ ಎಣ್ಣೆಯ ಪೀಪಾಯಿ ತೆಗೆದು ಬೆರಳದ್ದಿದ್ದ. ಮುಚ್ಚಳ ಬಿಗಿಮಾಡುವುದು ಅವನ ಘನತೆಗೆ ಕಡಿಮೆ. ಸಡಿಲ ಮುಚ್ಚಳದ ಪೀಪಾಯಿಗೆ ಗಾಳಿ ನುಗ್ಗಿ, ಎಣ್ಣೆ ಹಳಸಿ, ಬಣ್ಣದ ಡಬ್ಬಿಯ ವಾಸನೆಗೆ ತಿರುಗಿತ್ತು. ಮೈಯೆಣ್ಣೆಗೆ ಹೋಗುವ ಮುನ್ನ ಹಚ್ಚಿ ನೋಡಿದ ವಾಸನೆಯಕ್ಕನ ಮೊಣಕೈಯಲ್ಲಿ ಕೆಂಪು ಗಂಧೆಗಳೆದ್ದಿದ್ದವು.

"ಇದಕ್ಕೆ ಮುದ್ರೆ ಒತ್ತಲ್ಲ. ಕೆಟ್ಟಿದೆ."

"ಲ್ಯಾಬಿನ ಚೀಟಿ ನೋಡಕ್ಕಾ, ಸರಿಯಾಗಿದೆ ಅಂತ ಬರ್ದಿದಾರೆ."

"ಯಾವತ್ತಿಂದು?"

"ಪೀಪಾಯಿ ತುಂಬಿದ ದಿನದ್ದು."

"ಮದುವೆ ಫೋಟೋ ತೋರ್ಸಿ ಇವತ್ತೂ ತಲೆ ತುಂಬ ಕೂದಲಿದೆ ಅಂದ ಹಾಗಾಯ್ತು, ಅಳಿಯಂದಿರೇ!"

ಬಾಟಲಿ ತುಂಬುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟರು. ಅಳಿಯನ ಬೋಳು ನೆತ್ತಿ ಕೆಂಪಾಯಿತು.

"ನಾಳೆ ಬೆಳಿಗ್ಗೆ ಮುದ್ರೆ ಬೀಳ್ಬೇಕು. ಇಲ್ದಿದ್ರೆ ಆ ಸ್ಟೂಲ್ ಮೇಲೆ ಬೇರೆಯವ್ರು ಕೂರ್ತಾರೆ."

ವಾಸನೆಯಕ್ಕ ಸ್ಟೂಲು ನೋಡಿದಳು. ಮೊಣಕೈ ನೋಡಿಕೊಂಡಳು.

"ಕೂರ್ಲಿ. ಊರವರ ಚರ್ಮ ಸುಡೋಕೆ ನನ್ನ ಮುದ್ರೆ ಸಿಗಲ್ಲ."

"ಚರ್ಮ ಸುಡುತ್ತಂತೆ!" ಎಂದು ಅವನು ಅಂಗೈ ತುಂಬ ಎಣ್ಣೆ ಬಗ್ಗಿಸಿಕೊಂಡು, ಮದುಮಗನಂತೆ ಕುತ್ತಿಗೆಗೆಲ್ಲ ಬಳಿದುಕೊಂಡ.

"ಸೋಪು ಹಾಕಿ ತೊಳ್ಕೊಳ್ಳಿ," ಎಂದಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮರುದಿನ ಸುಡುಬಿಸಿಲಲ್ಲಿ ಮಫ್ಲರ್ ಸುತ್ತಿಕೊಂಡು ಬಂದ. ಒಳಗೆ ಕುತ್ತಿಗೆ ಊದಿ, ಗುಳ್ಳೆಯೆದ್ದು ಹಿಸುಕಿದ ಟೊಮೆಟೊ ಆಗಿತ್ತು.

"ಅಕ್ಕಾ, ಇದಕ್ಕೇನು ಹಚ್ಚೋದು?"

"ಏನೂ ಹಚ್ಬೇಡಿ, ಡಾಕ್ಟ್ರ ಹತ್ರ ಹೋಗಿ. ಆ ಚೀಟೀನೂ ತಗೊಂಡೋಗಿ, ನಿಮ್ಮ ಕುತ್ತಿಗೆ ಸರಿಯಾಗೇ ಇದೆ ಅಂತ ಓದಿ ಹೇಳಲಿ."

ಮುದ್ರೆಯ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ. ಆ ಎಣ್ಣೆ ಯಂತ್ರದ ಗಾಲಿಗಳ ಜಿಡ್ಡು ತೆಗೆಯಲು ಹೋಯಿತು. ವಾಸನೆಯಕ್ಕ ಕುಂಟು ಸ್ಟೂಲನ್ನು ಮುಂದಿನ ಪೀಪಾಯಿಯ ಬಳಿಗೆ ಎಳೆದುಕೊಂಡು, ಮೊದಲು ಅದರ ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುವಿ ನೋಡಿದಳು.