ಸಾಕಮ್ಮನ ಪಾಲು

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಮೊದಲು ನಗುತ್ತಿದ್ದವಳು ನಾನು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಗಂಡ ತೀರಿಕೊಂಡ ಹನ್ನೊಂದನೆಯ ದಿನ ಎಡೆ ಇಟ್ಟಾಗ ಕಾಗೆ ತಕ್ಷಣ ಬಂದು ಅನ್ನಕ್ಕೆ ಬಾಯಿ ಹಾಕಿತು. ‘ನೋಡು, ನನ್ನ ಮಗ ಬಂದು ಉಂಡ’ ಎಂದು ಅತ್ತೆ ಕಣ್ಣೊರೆಸಿಕೊಂಡರು. ‘ಅದಕ್ಕೆ ಹಸಿವಾಗಿತ್ತು ಅತ್ತೆ’ ಎಂದುಬಿಟ್ಟೆ. ಆ ಮಾತಿಗೆ ಅವರು ಇಂದಿಗೂ ನನ್ನನ್ನು ಪೂರ್ತಿ ಕ್ಷಮಿಸಿಲ್ಲ.

ಆದರೆ ಇನ್ನೊಂದನ್ನೂ ಹೇಳಬೇಕು. ನನ್ನ ಗಂಡ ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ಸಂಜೆ ಕಂಪನಿ ಬಸ್ಸು ಹತ್ತಿದ ಕೂಡಲೇ ನನಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ನಾನು ಎತ್ತುವ ಹಾಗಿಲ್ಲ. ‘ಹೊರಟೆ, ಕುಕ್ಕರ್ ಇಡು’ ಎಂದು ಅದರ ಅರ್ಥ. ಒಂದು ತೊಟ್ಟು ಹೆಂಡ ಮುಟ್ಟದ ಮನುಷ್ಯ ಲಿವರ್ ಕೆಟ್ಟು, ಕಣ್ಣು ಮೈ ಎಲ್ಲ ಅರಿಶಿನವಾಗಿ, ಎಂಟು ತಿಂಗಳು ನರಳಿ ಹೋದರು. ಅವರು ಹೋದ ಮೇಲೂ ಸಂಜೆ ಆರೂವರೆ ಆಗುತ್ತಿದ್ದಂತೆ ನಾನು ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಅದರ ಮುಂದೆ ನಿಲ್ಲುತ್ತಿದ್ದೆ. ಕಾಗೆಯನ್ನು ನಂಬದವಳಿಗೆ ಈ ಕೆಲಸ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಂಬಿಕೆ ಬೇರೆ, ಆಸೆ ಬೇರೆ. ಫೋನು ಮಾತ್ರ ಒಂದು ದಿನವೂ ಬಡಿದುಕೊಳ್ಳಲಿಲ್ಲ.

ಆಗ ನಾನು ಲಿವರ್ ಮತ್ತು ಕಿಡ್ನಿ ಕಾಯಿಲೆಗಳ ಮೇಲೆ ನಡೆಯುತ್ತಿದ್ದ ಒಂದು ಸಂಶೋಧನೆಯಲ್ಲಿ ಕ್ಷೇತ್ರ ಸಂಯೋಜಕಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಊರೂರು ಅಲೆದು ಜನರ ರಕ್ತ, ಮೂತ್ರ ತರುವುದು. ರಾಮನಗರದ ಮನೆಯಿಂದ ಹೊರಟು ಕನಕಪುರದಲ್ಲಿದ್ದ ನಮ್ಮ ಕೇಂದ್ರಕ್ಕೆ, ಅಲ್ಲಿಂದ ಸಾತನೂರು ಕಡೆಯ ಹಳ್ಳಿಗಳಿಗೆ ಬಸ್ಸು ಹಿಡಿಯುತ್ತಿದ್ದೆ. ವಾಪಸು ಬರುವಾಗ ಕಾಲ ಬಳಿ ಬಿಳಿ ಕ್ಯಾನು ನೋಡಿ ಪಕ್ಕದವರು ‘ಹಾಲಾ ಅವ್ವ?’ ಎಂದು ಕೇಳುವುದಿತ್ತು. ‘ಹೂಂ, ಡೈರಿಗೆ’ ಎನ್ನುತ್ತಿದ್ದೆ.

ಆ ಕ್ಯಾನಿನ ಲೆಕ್ಕಾಚಾರ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಐದು ಲೀಟರ್ ಹಿಡಿಯುವ ಪ್ಲಾಸ್ಟಿಕ್ ಕ್ಯಾನು ಅದು. ರೋಗಿ ಬೆಳಿಗ್ಗೆ ಎದ್ದು ಮೊದಲ ಸಲದ ಮೂತ್ರವನ್ನು ಹೊರಗೆ ಬಿಡಬೇಕು. ಆಮೇಲೆ ಮಾರನೆಯ ಬೆಳಗಿನವರೆಗೆ ಒಂದು ಹನಿಯೂ ಹೊರಹೋಗದಂತೆ ಅದರಲ್ಲೇ ಹಿಡಿಯಬೇಕು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅದರಿಂದ ತಿಳಿಯುತ್ತದೆ. ಕ್ರಿಯಾಟಿನಿನ್ ಎಂಬುದೊಂದು ಕಸವನ್ನು ನಮ್ಮ ಮಾಂಸಖಂಡ ದಿನವೂ ಹೊರಹಾಕುತ್ತದೆ, ಮತ್ತು ಒಬ್ಬೊಬ್ಬರದು ದಿನಕ್ಕೆ ಹೆಚ್ಚುಕಡಿಮೆ ಒಂದೇ ಅಳತೆ. ಹೀಗಾಗಿ ರೋಗಿ ಒಂದು ಸಲ ಮರೆತು ಹೊಲದ ಬದುವಿನಲ್ಲಿ ಕೂತು ಎದ್ದು ಬಂದಿದ್ದರೂ ಲ್ಯಾಬಿನವರಿಗೆ ಗೊತ್ತಾಗುತ್ತದೆ. ಕ್ಯಾನಿಗೆ ಬೇರೆಯವರದು ಸೇರಿದ್ದರೂ ಗೊತ್ತಾಗುತ್ತದೆ.

ಬೇರೆಯವರದು ಸೇರಿಸಿದವರು ಸಾಕಮ್ಮ. ಅವರ ಗಂಡ ಚಿಕ್ಕಬೋರಯ್ಯ ನಮ್ಮ ಪಟ್ಟಿಯಲ್ಲಿದ್ದ ರೋಗಿ. ಅರವತ್ತು ದಾಟಿದ್ದ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದ ಮನುಷ್ಯ. ಬಿಪಿಯಿಂದ ಅವರ ಕಿಡ್ನಿ ಅರ್ಧಕ್ಕರ್ಧ ಸೋತಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಅದು ಇದ್ದದ್ದು ಸಾಕಮ್ಮನಿಗೆ, ಮಾತ್ರೆ ನುಂಗುವುದರಲ್ಲಿ ಸಣ್ಣ ಮಕ್ಕಳಿಗಿಂತ ಮೊಂಡು. ಬೋರಯ್ಯನವರ ಮೊದಲ ಕ್ಯಾನು ಲ್ಯಾಬಿಗೆ ಹೋದಾಗ ‘ಇದು ಒಬ್ಬರದಲ್ಲ, ಇಬ್ಬರದು. ಒಬ್ಬರಿಗೆ ಸಕ್ಕರೆಯೂ ಇದೆ’ ಎಂದು ಫೋನ್ ಬಂತು. ನಾನು ಮಾರನೆಯ ದಿನವೇ ಹಳ್ಳಿಗೆ ಹೋಗಿ ಸಾಕಮ್ಮನನ್ನು ಹಿಡಿದುಕೊಂಡೆ.

‘ಏನ್ ಮಾಡ್ಲಿ ಮೇಡಮ್ಮೋರೆ, ಬೈಗಾದ್ರೂ ಕ್ಯಾನು ಅರ್ದ ಆಗಿರ್ನಿಲ್ಲ. ಉಚ್ಚೆ ಕಮ್ಮಿ ಆದೋರ್ನ ಮಿಸನ್ನಿಗೆ ಹಾಕ್ತಾರಂತೆ. ಅದ್ಕೇ ನಂದೂ ಒಸಿ ಸೇರಿಸ್ಬುಟ್ಟೆ’ ಎಂದರು. ಮಿಸನ್ನು ಎಂದರೆ ಡಯಾಲಿಸಿಸ್. ಹಾಗೆಲ್ಲ ಕ್ಯಾನು ನೋಡಿ ಯಾರನ್ನೂ ಹಾಕುವುದಿಲ್ಲ, ಅವರದೇ ಬೇರೆ, ನಿಮ್ಮದೇ ಬೇರೆ ಎಂದು ಚೆನ್ನಾಗಿ ಬೈದೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡರು.

‘ನಲವತ್ತು ವರ್ಸ ಒಂದೇ ಒಲೇಲಿ ಬೇಯ್ಸಿ ಉಂಡಿದ್ದೀವಿ. ಈಗ ಈಟಕ್ಕೆ ಬ್ಯಾರೆ ಆಗ್ಬೇಕಾ ಕಣವ್ವ?’

ಜಗಲಿಯ ಮೇಲಿದ್ದ ಬೋರಯ್ಯ ‘ಬೈರಿ, ಒಸಿ ಜೋರಾಗೇ ಬೈರಿ. ನನ್ ಮಾತಂತೂ ಕೇಳಕಿಲ್ಲ’ ಎಂದು ನಗುತ್ತಿದ್ದರು. ಅದಾದ ಆರು ತಿಂಗಳಿಗೆ ಬಂದ ಎರಡನೆಯ ಕ್ಯಾನು ಸರಿಯಾಗಿತ್ತು. ಒಂದೂಮುಕ್ಕಾಲು ಲೀಟರ್, ಬೋರಯ್ಯನವರದು ಮಾತ್ರ.

ಮೂರನೆಯದಕ್ಕೆ ನಾನು ಹೋಗುವ ಹೊತ್ತಿಗೆ ಸಾಕಮ್ಮ ಇರಲಿಲ್ಲ. ಸೊಪ್ಪು ಕೊಯ್ಯಲು ಹೋದವರು ತೋಟದಲ್ಲೇ ಕುಸಿದು ಬಿದ್ದರಂತೆ, ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತಂತೆ. ಬೋರಯ್ಯನವರಿಗೆ ಪಕ್ಕದ ಮನೆಯಲ್ಲಿದ್ದ ತಮ್ಮನ ಹೆಂಡತಿ ಊಟ ಕೊಡುತ್ತಿದ್ದರು. ‘ಅವ್ಳು ಇದ್ದಾಗ ದಿನಾ ಜಗಳ ಕಣವ್ವ. ಈಗ ಬಾಯೇ ಒಣಗೋಗ್ಬುಟ್ಟೈತೆ’ ಎಂದರು. ಏನೋ ಒಂದೆರಡು ಸಮಾಧಾನದ ಮಾತು ಹೇಳಿ ಕ್ಯಾನು ಕೊಟ್ಟು ಬಂದೆ, ಎರಡು ದಿನ ಬಿಟ್ಟು ಹೋಗಿ ತಂದೆ.

ಲ್ಯಾಬಿನ ಹುಡುಗಿ ಫೋನ್ ಮಾಡಿದಳು. ‘ಮತ್ತೆ ಅದೇ ಕಥೆ ಮೇಡಂ. ಇಬ್ಬರದು. ಸಕ್ಕರೆಯೂ ಇದೆ.’ ಹಳೆಯ ರಿಪೋರ್ಟ್ ಓದುತ್ತಿದ್ದೀಯಾ ಎಂದು ಅವಳ ಮೇಲೆ ರೇಗಿದೆ. ಅವಳು ಪಾಪ, ತಾರೀಖು ಓದಿ ಹೇಳಿದಳು.

ನಾನು ಮೊದಲು ಯೋಚಿಸಿದ್ದು ನೀವು ಯೋಚಿಸುತ್ತಿರುವುದನ್ನೇ: ಮನೆಯವರು ಯಾರೋ ತಮ್ಮದನ್ನು ಸೇರಿಸಿದ್ದಾರೆ. ಹಳ್ಳಿಗೆ ಹೋಗಿ ಬೋರಯ್ಯನವರ ತಮ್ಮನಿಗೂ ಆ ತಮ್ಮನ ಹೆಂಡತಿಗೂ ಬೆರಳು ಚುಚ್ಚಿ ನೋಡಿದೆ, ಇಬ್ಬರಿಗೂ ಸಕ್ಕರೆ ಇಲ್ಲ. ಬೋರಯ್ಯನವರ ರಕ್ತದಲ್ಲಿಯೂ ಇಲ್ಲ. ಸಣ್ಣ ಡಬ್ಬಿಯಲ್ಲಿ ಅವರದನ್ನು ಹಿಡಿಸಿ ಸಕ್ಕರೆ ಇದ್ದರೆ ಬಣ್ಣ ತಿರುಗುವ ಪರೀಕ್ಷೆಯ ಪಟ್ಟಿ ಅದ್ದಿದರೆ ಅದರಲ್ಲಿಯೂ ಇಲ್ಲ. ನಮ್ಮ ಡಾಕ್ಟರು ‘ಕೆಲವರಿಗೆ ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ ಕಿಡ್ನಿ ಸೋರಿ ಮೂತ್ರಕ್ಕೆ ಬರುತ್ತದಮ್ಮ’ ಎಂದರು. ಹಾಗಾದರೆ ಡಬ್ಬಿಯಲ್ಲೂ ಬರಬೇಕಿತ್ತಲ್ಲ ಸರ್ ಎಂದೆ. ಅವರು ಬೋರಯ್ಯನವರನ್ನು ಕೇಂದ್ರಕ್ಕೆ ಕರೆಸಿ ನಮ್ಮ ಕಣ್ಣೆದುರಿಗೇ ಇನ್ನೊಮ್ಮೆ ಹಿಡಿಸಲು ಹೇಳಿದರು. ಈ ಸಲವೂ ತಪ್ಪು ಬಂದರೆ ನಿಯಮದ ಪ್ರಕಾರ ಬೋರಯ್ಯನವರ ಹೆಸರು ಪಟ್ಟಿಯಿಂದ ತೆಗೆಯಬೇಕಿತ್ತು.

ಒಂದು ಶನಿವಾರ ಬೆಳಿಗ್ಗೆ ಬೋರಯ್ಯ ಟವಲು ಹೆಗಲಿಗೆ ಹಾಕಿಕೊಂಡು ಬಂದರು. ನಾನು ಮಾಡಿದ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಅವರು ಅಳತೆಯ ಜಗ್ಗಿನಲ್ಲಿ ಮೂತ್ರ ಹಿಡಿಯುವುದು. ನಮ್ಮ ಅಟೆಂಡರ್ ಜೊತೆಗೇ ಹೋಗಿ ಜಗ್ಗು ತಂದುಕೊಡುವುದು. ಆತ ಮಿಲಿಟರಿಯಿಂದ ನಿವೃತ್ತನಾದವನು, ಗಡಿಯಾರಕ್ಕೇ ಬುದ್ಧಿ ಹೇಳುವಂಥವನು. ನಾನು ಪಟ್ಟಿ ಅದ್ದಿ ಸಕ್ಕರೆ ನೋಡಿ, ಅಳತೆ ಬರೆದುಕೊಂಡು, ಕ್ಯಾನಿಗೆ ಸುರಿದು, ಕ್ಯಾನನ್ನು ಫ್ರಿಜ್ಜಿನಲ್ಲಿಟ್ಟು ಬೀಗ ಹಾಕುವುದು. ಕೀಲಿ ನನ್ನ ತಾಳಿ ಇರುತ್ತಿದ್ದ ಜಾಗದಲ್ಲಿ, ಒಂದು ದಾರಕ್ಕೆ ಕಟ್ಟಿ ಕೊರಳಲ್ಲಿತ್ತು. ಆ ದಿನ ಮನೆಗೆ ಹೋಗಲಿಲ್ಲ. ಮಾರನೆಯ ಬೆಳಗಿನ ತನಕ ಒಟ್ಟು ಎಂಟು ಸಲ. ಎಂಟು ಸಲವೂ ಪಟ್ಟಿಯಲ್ಲಿ ಸಕ್ಕರೆಯ ಗುರುತಿಲ್ಲ. ಕೂಡಿಸಿದರೆ ಒಂದೂಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಕೊನೆಯ ಜಗ್ಗು ಸುರಿಯಲೆಂದು ಫ್ರಿಜ್ಜಿನ ಬೀಗ ತೆಗೆದೆ. ಕಿಟಕಿಯಿಂದ ಒಳ್ಳೆಯ ಬಿಸಿಲು ಬರುತ್ತಿತ್ತು, ಹೊರಗೆ ಬಸ್ಸುಗಳು ಓಡಾಡುತ್ತಿದ್ದವು. ಕ್ಯಾನು ಎತ್ತಲು ಹೋದರೆ ಕೈ ಜಗ್ಗಿತು. ಅದರ ತೂಕ ನನ್ನ ಕೈಗೆ ಗೊತ್ತು, ವರ್ಷಗಟ್ಟಲೆ ಹೊತ್ತಿದ್ದೇನೆ. ಮೇಜಿನ ಮೇಲಿಟ್ಟು ಬದಿಯ ಗೆರೆ ನೋಡಿದೆ. ಮೂರು ಲೀಟರಿಗೆ ಒಂದು ಬೆರಳು ಕಡಿಮೆಯಿತ್ತು. ಪಟ್ಟಿ ಅದ್ದಿದೆ. ಸಕ್ಕರೆಯ ಚೌಕ ನನ್ನ ಕಣ್ಣೆದುರಿಗೇ ಬಣ್ಣ ತಿರುಗಿ ಕಂದಾಯಿತು. ಇನ್ನೊಂದು ಅದ್ದಿದೆ, ಮತ್ತೊಂದು ಅದ್ದಿದೆ. ಮೂರೂ ಹಾಗೇ.

ನನಗೆ ಹೆದರಿಕೆಯಾಗಲಿಲ್ಲ. ಯಾಕೆ ಆಗಲಿಲ್ಲವೋ ಗೊತ್ತಿಲ್ಲ. ‘ಸಾಕಮ್ಮನವರೇ, ಎಷ್ಟು ಸಲ ಹೇಳೋದು ನಿಮಗೆ!’ ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು, ಎದುರಿಗೆ ನಿಂತವರನ್ನು ಗದರಿಸುವ ಹಾಗೆ. ಅಟೆಂಡರ್ ನನ್ನ ಕಾಗದ ಕಿತ್ತುಕೊಂಡು ಎರಡು ಸಲ ಕೂಡಿಸಿದ, ಕ್ಯಾನಿನ ಗೆರೆ ಬಗ್ಗಿ ನೋಡಿದ. ‘ಮೇಡಂ, ನಾನೇನೂ ನೋಡಿಲ್ಲ’ ಎಂದು ಹೇಳಿ ಟೀ ತರಲು ಹೊರಟುಹೋದ.

ಬೋರಯ್ಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಕೇಳಿದ್ದು ಇಷ್ಟು:

‘ಈ ಸಲಾನೂ ಬೈದ್ರಾ ಅವ್ಳನ್ನ?’

‘ಒಸಿ’ ಎಂದೆ.

‘ಬೈಬ್ಯಾಡಿ ಕಣವ್ವ. ನನ್ನ ಮಿಸನ್ನಿಗೆ ಹಾಕ್ಬುಟ್ಟಾರು ಅಂತ ಅವ್ಳಿಗೆ ಬಯ’ ಎಂದು ಟವಲಿನಲ್ಲಿ ಮುಖ ಒರೆಸಿಕೊಂಡರು. ಅತ್ತರೋ ನಕ್ಕರೋ ನನಗೆ ಕಾಣಲಿಲ್ಲ. ನನಗೆ ಆ ಕ್ಷಣ ಆದದ್ದನ್ನು ಹೇಳಿಬಿಡುತ್ತೇನೆ, ನಾಚಿಕೆಯಾದರೂ ಸರಿ: ಹೊಟ್ಟೆಕಿಚ್ಚಾಯಿತು. ಅಕ್ಷರ ಬಾರದ ಹೆಂಗಸು ಬೀಗ ಹಾಕಿದ ಫ್ರಿಜ್ಜಿನೊಳಕ್ಕೂ ತನ್ನ ಗಂಡನನ್ನು ಹುಡುಕಿಕೊಂಡು ಬರುವುದಾದರೆ, ಇಷ್ಟು ಓದಿದ ನನ್ನ ಗಂಡನಿಗೆ ಒಂದು ಮಿಸ್ಡ್ ಕಾಲ್ ಕೊಡಲು ಏನಾಗಿತ್ತು?

ಡಾಕ್ಟರು ನನ್ನ ಮೇಲೆ ಸಿಟ್ಟಾಗಲಿಲ್ಲ. ನಿದ್ದೆಗೆಟ್ಟು ಎಲ್ಲೋ ಎಡವಿದ್ದೀರಿ, ಯಾವುದೋ ಬೇರೆ ಸ್ಯಾಂಪಲ್ ಬೆರೆಸಿದ್ದೀರಿ ಎಂದರು. ಆ ದಿನ ಫ್ರಿಜ್ಜಿನಲ್ಲಿ ಬೇರೆ ಸ್ಯಾಂಪಲ್ ಇರಲಿಲ್ಲ ಎಂದು ನಾನು ವಾದ ಮಾಡಲಿಲ್ಲ. ಫಾರಂನಲ್ಲಿ ‘ಅಳತೆ ತಪ್ಪು’ ಎಂದು ಬರೆದು ಬೋರಯ್ಯನವರ ಹೆಸರು ತೆಗೆದರು. ಕಾರಣ ಬರೆಯುವ ಜಾಗದಲ್ಲಿ ನಾನು ‘ತಿಳಿದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ವಿಷಯ ತಿಳಿಸಲು ಹಳ್ಳಿಗೆ ನಾನೇ ಹೋದೆ. ಇನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ತೋರಿಸಿಕೊಳ್ಳಬೇಕು ಎಂದು ಹೇಳಿದ್ದಕ್ಕೆ ಬೋರಯ್ಯ ತಲೆಯಾಡಿಸಿದರು. ಅವರ ಚಿಂತೆ ಬೇರೆ ಇತ್ತು.

‘ಹಂಗಾರೆ ಇನ್ಮೇಲೆ ಕ್ಯಾನು ತರಕಿಲ್ವಾ ನೀವು?’

‘ಇಲ್ಲ ಬೋರಯ್ಯನವರೇ.’

‘ಒಂದ್ ಕೊಟ್ಬುಟ್ಟು ಹೋಗಿ ಮೇಡಮ್ಮೋರೆ. ಅಳ್ಯಕಲ್ಲ. ಮೂಲೇಲಿ ಇರ್ತದೆ. ಅವ್ಳಿಗೂ ಮನೇಲಿ ಒಂದ್ ಕೆಲ್ಸ ಅಂತ ಬ್ಯಾಡ್ವಾ?’

ಚೀಲದಲ್ಲಿದ್ದ ಹೊಸ ಕ್ಯಾನನ್ನು ಕೊಟ್ಟೆ. ಅವರು ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು ಒಳಗೆ ಹೋದರು. ಆ ಕ್ಯಾನಿಗೆ ಏನಾಯಿತು ಎಂದು ಆಮೇಲೆ ನಾನು ಯಾವತ್ತೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಸಂಶೋಧನೆ ಮುಗಿದು ವರ್ಷಗಳಾದವು. ಯಾರಾದರೂ ಸರಿಯಾದ ಕಾರಣ ಹೇಳಿದರೆ ಕೇಳಲು ನಾನು ಈಗಲೂ ತಯಾರಿದ್ದೇನೆ. ನಾನೇ ಎಷ್ಟೋ ಹುಡುಕಿದ್ದೇನೆ. ಜಗ್ಗಿನ ಅಳತೆ ತಪ್ಪು ಬರೆದೆನೆಂದರೆ ಸಕ್ಕರೆ ಎಲ್ಲಿಂದ ಬಂತು? ಪಟ್ಟಿಗಳು ಕೆಟ್ಟಿದ್ದವೆಂದರೆ ಎಂಟು ಸಲ ಯಾಕೆ ಸರಿಯಾಗಿದ್ದವು? ಅಲ್ಲಿಗೆ ಬಂದು ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಅತ್ತೆಗೆ ಮಾತ್ರ ಒಮ್ಮೆ ಎಲ್ಲ ಹೇಳಿದೆ. ‘ಅವಳಿಗೆ ಹಸಿವಾಗಿತ್ತು’ ಎಂದು ಅವರು ನನ್ನ ಮುಖ ನೋಡಿದರು.

ಕೇಂದ್ರ ಮುಚ್ಚಿದ ದಿನ ಉಗ್ರಾಣ ಖಾಲಿ ಮಾಡುವಾಗ ನಾನೂ ಒಂದು ಕ್ಯಾನು ಮತ್ತು ಒಂದು ಡಬ್ಬಿ ಪಟ್ಟಿ ಮನೆಗೆ ತಂದಿದ್ದೇನೆ. ಆ ಪಟ್ಟಿಯಲ್ಲಿ ಸಕ್ಕರೆಯ ಚೌಕದ ಪಕ್ಕದಲ್ಲೇ ಇನ್ನೊಂದು ಚೌಕವಿದೆ. ಲಿವರ್ ಕೆಟ್ಟವರ ಮೂತ್ರದ ಹಳದಿಗೆ ಅದು ಬಣ್ಣ ತಿರುಗುತ್ತದೆ. ನನ್ನ ಲಿವರ್ ಚೆನ್ನಾಗಿದೆ, ನನ್ನೊಬ್ಬಳಿಂದ ಅದು ತಿರುಗುವಂತಿಲ್ಲ. ಒಂದೇ ದಿನದ ಕೆಲಸ, ಮತ್ತು ಆ ಕೆಲಸ ನನಗೆ ಬಂದಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಡಬ್ಬಿಯ ಮೇಲಿನ ತಾರೀಖು ಎಂದೋ ಮೀರಿದೆ. ಕ್ಯಾನನ್ನು ಆಗಾಗ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಡುತ್ತೇನೆ. ಒಂದು ದಿನ ಪೂರ್ತಿ ಹಿಡಿದು, ಬೆಳಿಗ್ಗೆ ಎತ್ತಿ ನೋಡಿದಾಗ, ಅದು ನನ್ನೊಬ್ಬಳದೇ ತೂಕವಿದ್ದರೆ? ಆಮೇಲೆ ಸಂಜೆ ಆರೂವರೆಗೆ ಫೋನಿನ ಮುಂದೆ ಏನೆಂದುಕೊಂಡು ನಿಲ್ಲಲಿ?