ತೀಸಾ ಇವತ್ತು ಎಷ್ಟು?

ಬೆಳಗಿನ ಐದಕ್ಕೆ ಹತ್ತು ನಿಮಿಷ ಇದೆ. ತೀಸಾ ನದಿಯ ಮೇಲೆ ಮಂಜು ಇನ್ನೂ ಹಾಸಿಕೊಂಡೇ ಇದೆ. ಆಚೆ ದಡವೊಂದು ಇದೆ ಎಂಬುದನ್ನು ಸದ್ಯಕ್ಕೆ ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು. ಸ್ಮಿಲ್ಕಾ ತೆರ್ಜಿನ್ ರಬ್ಬರ್ ಬೂಟು ಹಾಕಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು, ಪಾಚಿಗಟ್ಟಿದ ಕಾಂಕ್ರೀಟ್ ಮೆಟ್ಟಿಲುಗಳನ್ನು ಅಡ್ಡಡ್ಡ ಹೆಜ್ಜೆ ಇಡುತ್ತ ಇಳಿಯುತ್ತಾರೆ. ಕೆಳಗಿನ ಮೆಟ್ಟಿಲಿನ ಪಕ್ಕದಲ್ಲಿ ನೀರಿನಿಂದ ಎದ್ದು ನಿಂತಿರುವುದು ನದಿಯ ಮಟ್ಟವನ್ನು ಸೆಂಟಿಮೀಟರಿನಲ್ಲಿ ತೋರಿಸುವ ಅಳತೆಪಟ್ಟಿ. ಒಂದು ಕಾಲದಲ್ಲಿ ಅದರ ಬಣ್ಣ ಬಿಳಿ, ಅಂಕಿಗಳು ಕಪ್ಪು. ಈಗ ಎರಡೂ ಒಂದೇ ಬಣ್ಣ.

ಅವರು ಕುಕ್ಕರುಗಾಲಲ್ಲಿ ಕೂತು ಕಾಯುತ್ತಾರೆ. ಅಲೆ ಏರಿದಾಗ ಒಂದು ಅಂಕಿ, ಇಳಿದಾಗ ಒಂದು ಅಂಕಿ. ನಿಜವಾದ ನೀರು ಅವೆರಡರ ನಡುವೆ ಎಲ್ಲೋ ಇರುತ್ತದೆ.

"ಮುನ್ನೂರ ನಲವತ್ತೊಂದು," ಎನ್ನುತ್ತಾರೆ ಸ್ಮಿಲ್ಕಾ, ತಿರುಗಿ ನೋಡದೆ.

"ಇನ್ನೊಂದ್ಸಲ ನೋಡು."

ದನಿ ಬಂದದ್ದು ಮೇಲಿನಿಂದ ಮೂರನೆಯ ಮೆಟ್ಟಿಲಿನಿಂದ. ಅಲ್ಲಿ ಕಪ್ಪು ತಲೆವಸ್ತ್ರದ ಹೆಂಗಸೊಬ್ಬರು ಕೋಲೂರಿ ನಿಂತಿದ್ದಾರೆ. ಹೆಸರು ಪಿರೋಷ್ಕಾ, ವಯಸ್ಸು ಎಪ್ಪತ್ತೊಂದು. ಇಲ್ಲಿ ಹಿರಿಯ ಹೆಂಗಸನ್ನು ನೇನಿ, ಹಿರಿಯ ಗಂಡಸನ್ನು ಬಾಚಿ ಎಂದು ಕರೆಯುತ್ತಾರೆ.

"ಮುನ್ನೂರ ನಲವತ್ತೊಂದೇ, ಪಿರೋಷ್ಕಾ ನೇನಿ."

"ನಿನ್ನೆ ಎಷ್ಟಿತ್ತು?"

"ನಲವತ್ತಾರು. ಐದು ಇಳ್ದಿದೆ."

"ಬರಿ ಹಾಗಾದ್ರೆ."

ಐದೂ ಇಪ್ಪತ್ತಕ್ಕೆ ಬರಹ ಬ್ಲಾಗಿನಲ್ಲಿ ಲೋಕದ ಮುಂದಿರುತ್ತದೆ. ಫೆರಿ ದೋಣಿಯ ಟಿಕೆಟ್ ಗೂಡಿನಲ್ಲಿ, ಕಾಲಬುಡದಲ್ಲಿ ವಿದ್ಯುತ್ ಒಲೆ ಇಟ್ಟುಕೊಂಡು, ಸ್ಮಿಲ್ಕಾ ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಾರೆ. ಇವತ್ತಿನದು ಇಷ್ಟು: "ತೀಸಾ ಇವತ್ತು 341. ನಿನ್ನೆಗಿಂತ ಐದು ಕಡಿಮೆ. ಗಾಳಿ ಇಲ್ಲ. ಫೆರಿಯ ಎಂಜಿನ್ ಕೆಮ್ಮುತ್ತಿದೆ, ಅದನ್ನು ಓಡಿಸುವ ಝಿವಾ ಕೂಡ. ಆಚೆ ದಡದಲ್ಲಿ ಕೊಕ್ಕರೆ ಹಳೆಯ ಗೂಡಿಗೇ ಬಂದಿದೆ, ಸಂಗಾತಿ ಮಾತ್ರ ಹೊಸದಿರುವಂತೆ ಕಾಣುತ್ತದೆ."

ಹದಿನಾಲ್ಕು ವರ್ಷದಿಂದ ಇದು ನಡೆದಿದೆ. ಅದಕ್ಕೂ ಮುಂಚೆ ಈ ಕೆಲಸವನ್ನು ರೇಡಿಯೊ ಮಾಡುತ್ತಿತ್ತು. ಮಧ್ಯಾಹ್ನದ ವಾರ್ತೆಯ ನಂತರ ಒಂದು ನಿರ್ಭಾವುಕ ದನಿ ಒಂದೊಂದೇ ಊರಿನ ಹೆಸರು ಹಿಡಿದು ನದಿಗಳ ಮಟ್ಟ ಓದುತ್ತಿತ್ತು. ನದಿಯನ್ನೇ ಕಾಣದ ಊರುಗಳ ಮಕ್ಕಳೂ ಸೂಪು ಆರಿಸಿಕೊಳ್ಳುತ್ತ ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಸ್ಮಿಲ್ಕಾರ ತಂದೆ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಆ ಅಂಕಿ ಗೀಚುತ್ತಿದ್ದರು. ಒಂದು ದಿನ ಸ್ಥಳೀಯ ರೇಡಿಯೊ ನದಿಯನ್ನು ಕೈಬಿಟ್ಟು ಆ ಹೊತ್ತಿಗೆ ಹಾಡು ಹಾಕತೊಡಗಿತು. ಮಗಳು ನೆವೆನಾ ಅಮ್ಮನಿಗೊಂದು ಬ್ಲಾಗು ತೆರೆದುಕೊಟ್ಟಳು, ಜೊತೆಗೊಂದು ಭವಿಷ್ಯವನ್ನೂ ನುಡಿದಳು: "ಒಂದು ವಾರ ಬರೀತೀಯ ಅಮ್ಮ, ಆಮೇಲೆ ಬೇಜಾರಾಗಿ ಬಿಡ್ತೀಯ."

ನೆವೆನಾಳ ಮದುವೆಯ ದಿನವೂ ಸ್ಮಿಲ್ಕಾ ರೇಷ್ಮೆ ಬಟ್ಟೆಯ ಕೆಳಗೆ ಬೂಟು ಹಾಕಿಕೊಂಡು ಮೆಟ್ಟಿಲಿಳಿದಿದ್ದರು. ಪಿತ್ತಕೋಶದ ಕಲ್ಲು ತೆಗೆಸಿಕೊಂಡ ಬೆಳಿಗ್ಗೆ ಝಿವಾ ಫೋನಿನಲ್ಲಿ ಅಂಕಿ ಕೂಗಿದ, ಇವರು ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ಬರೆದರು. "ಪ್ರಜ್ಞೆ ಬಂದ ತಕ್ಷಣ ಕೇಳಿದ್ದೇನು ಗೊತ್ತಾ?" ಎಂದು ಝಿವಾ ಈಗಲೂ ಎಲ್ಲರಿಗೂ ಹೇಳುತ್ತಾನೆ. "ಗಂಡ ಎಲ್ಲಿ ಅಂತಲ್ಲ, ನೀರೆಷ್ಟು ಅಂತ! ಪಾಪ, ಗಂಡ ಪಕ್ಕದಲ್ಲೇ ಹೂ ಹಿಡ್ಕೊಂಡು ನಿಂತಿದ್ದ."

ದಿನಕ್ಕೆ ನೂರಾ ತೊಂಬತ್ತು ಓದುಗರು. ಪ್ರವಾಹ ಬಂದರೆ ನಾಲ್ಕು ಸಾವಿರ. ಪ್ರವಾಹ ಇಳಿದರೆ ಮತ್ತೆ ಅದೇ ನೂರಾ ತೊಂಬತ್ತು. ಮೀನುಗಾರರು, ದೋಣಿಮನೆಯವರು, ಗಾಳದ ಚಟದವರು. ಲಿಂಟ್ಸ್‌ನಲ್ಲಿ ಸರಕುದೋಣಿ ನಡೆಸುವ ಒಬ್ಬ ಪ್ರತಿದಿನ ತಪ್ಪದೆ ಓದುತ್ತಾನೆ. ಅವನ ದೋಣಿ ಇರುವುದು ಡ್ಯಾನ್ಯೂಬಿನಲ್ಲಿ, ತೀಸಾದ ಮಟ್ಟ ಅವನಿಗೆ ಯಾವ ಉಪಯೋಗಕ್ಕೂ ಬಾರದು. "ಊರಿನ ನೀರು ಎಷ್ಟಿದೆ ಅಂತ ಗೊತ್ತಿದ್ರೆ ನಿದ್ದೆ ಬರುತ್ತಂತೆ," ಎನ್ನುತ್ತಾರೆ ಸ್ಮಿಲ್ಕಾ. ಸಂಬಳ ಅಂತ ಕೇಳಿದರೆ ಅದೇ ಸಂಬಳ.

ಮೊದಲೆಲ್ಲ ಪ್ರತಿ ಬರಹದ ತಲೆಯ ಮೇಲೆ ಒಂದು ಎಣಿಕೆ ಇರುತ್ತಿತ್ತು: ನೂರನೆಯ ದಿನ, ಸಾವಿರನೆಯ ದಿನ. ಅದರ ಬಗ್ಗೆ ಅವರಿಗೆ ಹೆಮ್ಮೆ ಇತ್ತು. ಓದುಗರಿಗೂ ಇತ್ತು, ಮೂರು ಸಾವಿರ ತುಂಬಿದಾಗ ಯಾರೋ ಬಾಟಲಿಯಲ್ಲಿ ಪ್ಲಮ್ ಹೆಂಡ ಕಳಿಸಿದರು.

3,206ನೆಯ ದಿನ ಫೆಬ್ರವರಿ ತಿಂಗಳಲ್ಲಿ ಬಂತು. ಅದಕ್ಕೀಗ ಐದು ಚಳಿಗಾಲ ಕಳೆದಿದೆ. ಸ್ಮಿಲ್ಕಾರಿಗೆ ಮೈ ಸುಡುವ ಜ್ವರ. ಒಂದು ವಾರದಿಂದ ನೀರು ದಿನಕ್ಕೆ ನಾಲ್ಕು ಸೆಂಟಿಮೀಟರಿನಂತೆ, ಗಡಿಯಾರದ ಹಾಗೆ ಇಳಿಯುತ್ತಿತ್ತು. ಹಿಂದಿನ ದಿನ 216 ಇತ್ತು. ಲೆಕ್ಕ ಕಲಿತ ಯಾವ ಮಗುವಾದರೂ ಮುಂದಿನದನ್ನು ಹೇಳಬಹುದಿತ್ತು. ಹೊದಿಕೆಯೊಳಗಿಂದಲೇ ಅವರು ಬರೆದರು: "ತೀಸಾ ಇವತ್ತು 212. ನಾಲ್ಕು ಕಡಿಮೆ."

ಆದರೆ ಹಿಂದಿನ ರಾತ್ರಿಯೇ ಕೆಳಗಿನ ತಿರುವಿನಲ್ಲಿ ಮಂಜುಗಡ್ಡೆಗಳು ಒಂದರ ಮೇಲೊಂದು ಹತ್ತಿ ನದಿಗೆ ಅಡ್ಡ ಕಟ್ಟಿಕೊಂಡಿದ್ದವು. ಬೆಳಕು ಹರಿಯುವಷ್ಟರಲ್ಲಿ ನೀರು 240 ದಾಟಿ ಏರುತ್ತಿತ್ತು.

ಪಿರೋಷ್ಕಾರ ಗಂಡ ಇಮ್ರೆ ಮೀನುಗಾರ. ದೋಣಿ ಕಟ್ಟಿದ್ದು ಊರಾಚೆಯ ಹಳೇ ಕಾಲುವೆಯಲ್ಲಿ, ಗಿಡ್ಡ ಸರಪಳಿಯಲ್ಲಿ, ತಗ್ಗಿನ ಗೂಟಕ್ಕೆ. ನೀರು ಇಳಿಯುವಾಗ ಹಾಗೇ ಕಟ್ಟುತ್ತಾರೆ. ಏರುವಾಗ ಹಾಗೆ ಕಟ್ಟಿದ್ದರೆ ಸರಪಳಿಯೇ ದೋಣಿಯ ಮೂತಿಯನ್ನು ನೀರಿನೊಳಕ್ಕೆ ಎಳೆಯುತ್ತದೆ. ಇಮ್ರೆಯ ಹತ್ತಿರ ಫೋನಿರಲಿಲ್ಲ. ಪ್ರತಿ ಬೆಳಿಗ್ಗೆ ಚಹಾದ ಜೊತೆ ಹೆಂಡತಿ ಓದಿ ಹೇಳುತ್ತಿದ್ದರು. ಅವತ್ತೂ ಹೇಳಿದರು. "ಇಳೀತಿದೆ ಅಂದ್ಮೇಲೆ ಅವಸರ ಏನಿದೆ," ಎಂದು ಇಮ್ರೆ ಬಲೆ ಹೊಲಿಯುತ್ತ ಕೂತರು, ಮಧ್ಯಾಹ್ನ ಗಸಗಸೆ ಹಾಕಿದ ಶಾವಿಗೆ ಎರಡು ಸಲ ಬಡಿಸಿಕೊಂಡರು, ಆಮೇಲೆ ಹೊರಟರು. ಬೆಳಿಗ್ಗೆ ಏಳಕ್ಕೆ ಹೋಗಿದ್ದರೆ ಕಾಲುವೆಯ ಮೇಲೆ ಹೆಪ್ಪುಗಟ್ಟಿದ್ದ ಮಂಜುಗಡ್ಡೆ ಅವರ ಭಾರ ತಡೆಯುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಏರಿದ ನೀರು ಅದನ್ನು ಅಡಿಯಿಂದ ಎತ್ತಿ ಸೀಳಿಬಿಟ್ಟಿತ್ತು. ದೋಣಿಯ ಮೂತಿ ಮುಳುಗಿತ್ತು. ಸರಪಳಿ ಬಿಚ್ಚಲು ಇಮ್ರೆ ಮಂಜುಗಡ್ಡೆಯ ಮೇಲೆ ಕಾಲಿಟ್ಟರು. ಅವರು ಸಿಕ್ಕಿದ್ದು ಸಂಜೆಗೆ.

ಸ್ಮಿಲ್ಕಾ ಬಾಯಿಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೀರು ಬೆಳಗಾದ ಮೇಲೆ ಏರಿರಬೇಕು ಎಂದೇ ಊರೆಲ್ಲ ಅಂದುಕೊಂಡಿತ್ತು. ಇಮ್ರೆ ಮಣ್ಣಾದ ದಿನ ಸ್ಮಿಲ್ಕಾ ಹೊಸದಾಗಿ ಎರಡು ಸಾಲು ಬರೆದರು: "212 ನಾನು ನೋಡಿ ಬರೆದದ್ದಲ್ಲ. ಹಾಸಿಗೆಯಲ್ಲಿ ಮಲಗಿ ಬರೆದದ್ದು." ಆಮೇಲೆ ಬರೆಯುವುದನ್ನೇ ನಿಲ್ಲಿಸಿದರು.

"ಒಂದು ದಿನ ಬಿಟ್ಟಿದ್ರೆ ಆಗ್ತಿತ್ತು," ಎನ್ನುತ್ತಾರೆ, ಒಲೆಯ ಕೆಂಪು ತಂತಿಯನ್ನೇ ನೋಡುತ್ತ. "ಏನೂ ಬರೀದೇ ಇದ್ದಿದ್ರೆ ಇಮ್ರೆ ಬಾಚಿ, 'ಇವಳಿಗೇನಾಯ್ತು' ಅಂತ ಬೈಕೊಂಡು ತಾವೇ ನೀರು ನೋಡೋಕೆ ಹೋಗ್ತಿದ್ರು. ಖಾಲಿ ಬಿಟ್ಟಿದ್ರೂ ಅದು ನಿಜಾನೇ ಹೇಳ್ತಿತ್ತು. ನಂಗೆ ಮೂರು ಸಾವಿರದ ಇನ್ನೂರ ಆರು ಬೇಕಿತ್ತು."

ಎಂಟು ದಿನ ಬ್ಲಾಗು ಮೂಕವಾಗಿತ್ತು. ಒಂಬತ್ತನೆಯ ದಿನ ಟಿಕೆಟ್ ಗೂಡಿನ ಕಿಟಕಿಯ ಮುಂದೆ ಪಿರೋಷ್ಕಾ ಬಂದು ನಿಂತರು. ದಡದಲ್ಲಿ ಹಗ್ಗ ಸುತ್ತುತ್ತಿದ್ದ ಝಿವಾ ಎಲ್ಲವನ್ನೂ ಕೇಳಿಸಿಕೊಂಡ. ತನ್ನ ಆಯುಸ್ಸಿನಲ್ಲಿ ತಮಾಷೆ ಮಾಡಲು ಬಾರದೆ ನಿಂತದ್ದು ಅದೊಂದೇ ಸಲ ಎನ್ನುತ್ತಾನೆ.

"ಯಾಕೆ ಬರೀತಿಲ್ಲ?" ಎಂದು ಕೇಳಿದರಂತೆ ಪಿರೋಷ್ಕಾ.

"ಯಾವ ಮುಖ ಇಟ್ಕೊಂಡು ಬರೀಲಿ ನೇನಿ?"

"ನಿನ್ನ ಮುಖ ಯಾರಿಗೆ ಬೇಕು? ಫೋನ್ ತೆಗೆದ್ರೆ ಮೇಲೇ ಕೂತಿದೆ ಆ ಎರಡು ಸಾಲು. ದಿನಾ ಬೆಳಿಗ್ಗೆ ಅದನ್ನೇ ನೋಡ್ತಿದೀನಿ. ಅವನು ಸತ್ತಿದ್ದನ್ನೇ ನೋಡ್ತಿದೀನಿ. ಕೆಳಗೆ ತಳ್ಳು ಅದನ್ನ. ದಿನಾ ಒಂದೊಂದು ಬರೆದು ಕೆಳಗೆ ತಳ್ಳು."

"ನನ್ನ ಕ್ಷಮಿಸಿ..."

"ಬರೆದೋಳು ನೀನು, ಓದಿ ಹೇಳ್ದೋಳು ನಾನು. ಯಾರು ಯಾರನ್ನ ಕ್ಷಮಿಸ್ಬೇಕು ಅಂತ ಪಾದ್ರಿಗೇ ಗೊತ್ತಾಗ್ಲಿಲ್ಲ. ನಾಳೆ ಬೆಳಿಗ್ಗೆ ಬರ್ತೀನಿ. ನೀನು ನೋಡು, ನಾನೂ ನೋಡ್ತೀನಿ. ಇಬ್ರೂ ನೋಡಿದ್ಮೇಲೆ ಬರಿ."

ಅಂದಿನಿಂದ ಪಿರೋಷ್ಕಾ ಪ್ರತಿ ಬೆಳಿಗ್ಗೆ ಎರಡು ಕಿಲೋಮೀಟರು ನಡೆದು ಬರುತ್ತಾರೆ. ಮೊದಲ ವರ್ಷಗಳಲ್ಲಿ ಕೆಳಗಿನ ಮೆಟ್ಟಿಲಿನವರೆಗೂ ಇಳಿದು, ಸ್ಮಿಲ್ಕಾರ ಭುಜದ ಮೇಲಿಂದ ಬಗ್ಗಿ, ಅಂಕಿಯನ್ನು ತಾವೇ ಓದುತ್ತಿದ್ದರು. ಎಣಿಕೆ ಬ್ಲಾಗಿನ ತಲೆಯಿಂದ ಮಾಯವಾಯಿತು. ಸ್ಮಿಲ್ಕಾರಿಗೆ ಮತ್ತೆ ಜ್ವರ ಬಂದ ಮೂರು ದಿನ ಬ್ಲಾಗು ಖಾಲಿ ಇತ್ತು; ಆ ಮೂರು ದಿನವೂ ಓದುಗರು ಬೈಯಲಿಲ್ಲ, ತಾವೇ ಹೋಗಿ ನೀರು ನೋಡಿಕೊಂಡರು. ಐದು ವರ್ಷದಲ್ಲಿ ಪಿರೋಷ್ಕಾ ಒಮ್ಮೆಯೂ ಗೂಡಿನೊಳಗೆ ಕೂತು ಕಾಫಿ ಕುಡಿದವರಲ್ಲ. ಕ್ರಿಸ್‌ಮಸ್ಸಿಗೆ ಗಸಗಸೆ ತುಂಬಿದ ರೊಟ್ಟಿಸುರುಳಿ ತರುತ್ತಾರೆ, ಆದರೆ ಕೈಗೆ ಕೊಡುವುದಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಡುತ್ತಾರೆ. "ಇವರಿಬ್ರೂ ಮಾತಾಡೋದು ಬರೀ ಅಂಕಿಯಲ್ಲಿ," ಎನ್ನುತ್ತಾನೆ ಝಿವಾ. "ನೀರು ನೂರರ ಒಳಗೆ ಇಳಿದ್ರೆ ಇಬ್ರಿಗೂ ಮಾತು ಕಮ್ಮಿ."

ಫೋಟೊ ತೆಗೆದು ಹಾಕಿಬಿಡಬಹುದಲ್ಲ, ಸಾಕ್ಷಿಯ ತಾಪತ್ರಯವೇ ಇರುವುದಿಲ್ಲವಲ್ಲ ಎಂದು, ಅವರ ಬಗ್ಗೆ ಬರೆಯಲು ಬಂದ ನಾನು ಕೇಳುತ್ತೇನೆ. ಸ್ಮಿಲ್ಕಾ ಟಿಕೆಟ್ ಹರಿಯುತ್ತಲೇ ಉತ್ತರಿಸುತ್ತಾರೆ: "ನಿನ್ನೆ ತೆಗೆದ ಫೋಟೊನೂ ಇವತ್ತಿಂದು ಅಂತ ಹಾಕಬಹುದು."

ಕಳೆದ ಶರತ್ಕಾಲದಿಂದ ಪಿರೋಷ್ಕಾರ ಎರಡು ಕಣ್ಣಿಗೂ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆಗೆ ಸರದಿ ಬರುವುದು ಡಿಸೆಂಬರಿನಲ್ಲಿ. ಅವರಾಗಿ ಇದನ್ನು ಯಾರಿಗೂ ಹೇಳಲಿಲ್ಲ. ಮೊದಲು ಕೆಳಗಿನ ಮೆಟ್ಟಿಲು ಬಿಟ್ಟರು, ಜಾರುತ್ತದೆ ಎಂದರು. ಆಮೇಲೆ ನಡುವಿನದನ್ನು ಬಿಟ್ಟರು, ಮಂಡಿನೋವು ಎಂದರು. ಮಾರ್ಚಿನ ಒಂದು ಬೆಳಿಗ್ಗೆ ಸ್ಮಿಲ್ಕಾ ಬಾಯಿ ತಪ್ಪಿ 297ರ ಬದಲು "ಇನ್ನೂರ ಎಪ್ಪತ್ತೊಂಬತ್ತು" ಎಂದುಬಿಟ್ಟರು. ತಿದ್ದಿಕೊಳ್ಳುವ ಮೊದಲೇ ಮೇಲಿನಿಂದ ಉತ್ತರ ಬಂತು: "ಹೌದು, ಅಷ್ಟೇ ಕಾಣ್ತಿದೆ." ಹಿಂದಿನ ದಿನ 299 ಇತ್ತು. ಒಂದೇ ರಾತ್ರಿಯಲ್ಲಿ ಇಪ್ಪತ್ತು ಇಳಿಯುವ ನದಿ ಇದಲ್ಲ, ಅದು ಇಬ್ಬರಿಗೂ ಗೊತ್ತು. ಆಮೇಲೆ ಪಿರೋಷ್ಕಾ ಹೇಳಿದರು: "ಇನ್ನೊಂದ್ಸಲ ನೋಡು."

ಈ ಮಾತು ದಿನಚರಿಗೆ ಸೇರಿದ್ದು ಆವತ್ತು.

ಬೇಡಿಕೆ ಏನಾದರೂ ಇದೆಯೇ ಎಂದು ಕೇಳಿದರೆ ಸ್ಮಿಲ್ಕಾ ಮೇಜಿನ ಡ್ರಾಯರಿನಿಂದ ಮೂರು ಅರ್ಜಿಗಳ ಪ್ರತಿ ತೆಗೆಯುತ್ತಾರೆ. ಮೂರನ್ನೂ ನೀರಿನ ಕಚೇರಿಗೆ ಬರೆದದ್ದು. ಅಳತೆಪಟ್ಟಿಗೆ ಹೊಸ ಬಣ್ಣ ಬೇಕು; ಅಂಕಿಗಳು ಕೆಂಪಗೆ, ಅಂಗೈಯಗಲ ಇರಬೇಕು; ಮೇಲಿನಿಂದ ಮೂರನೆಯ ಮೆಟ್ಟಿಲಿಗೆ ಕಾಣುವಂತಿರಬೇಕು. ಮೂರಕ್ಕೂ ಒಂದೇ ಉತ್ತರ: ವಿಷಯ ಮೇಲಕ್ಕೆ ಹೋಗಿದೆ. ಪಟ್ಟಿ ಇರುವುದು ಕೆಳಗೆ ಎಂದು ಝಿವಾ ನಾಲ್ಕನೆಯ ಅರ್ಜಿಯಲ್ಲಿ ಸೇರಿಸಲು ಹೇಳಿದ್ದಾನೆ.

"ನಿಮ್ಮ ಕಣ್ಣು ಚೆನ್ನಾಗೇ ಇದೆಯಲ್ಲ?" ಎನ್ನುತ್ತೇನೆ.

"ನನಗಲ್ಲ." ಸ್ಮಿಲ್ಕಾ ಕಿಟಕಿಯಾಚೆ ನೋಡುತ್ತಾರೆ. ದಂಡೆಯ ದಾರಿಯಲ್ಲಿ ಕಪ್ಪು ತಲೆವಸ್ತ್ರವೊಂದು ಕೋಲಿನ ಹಿಂದೆ ನಿಧಾನವಾಗಿ ಮನೆಯ ಕಡೆ ಹೋಗುತ್ತಿದೆ. "ಐದು ವರ್ಷ ಅವರು ನನ್ನ ನಂಬ್ಲಿಲ್ಲ. ಅದಕ್ಕೇ ನಂಗೆ ಬರೆಯೋಕಾಯ್ತು. ಈಗ ಕಾಣ್ದೇನೇ 'ಬರಿ' ಅಂತಾರೆ. ಆ ನಂಬಿಕೆ ಹೊತ್ಕೊಂಡು ಮೆಟ್ಟಿಲು ಹತ್ತೋದು ಕಷ್ಟ."

ಫೆರಿಯ ಎಂಜಿನ್ ಕೆಮ್ಮುತ್ತದೆ. ಮೊದಲ ಟ್ರ್ಯಾಕ್ಟರು ದಂಡೆಗೆ ಇಳಿಯುತ್ತಿದೆ. ಅವರು ಟಿಕೆಟ್ ಪುಸ್ತಕ ಎತ್ತಿಕೊಂಡು ಎದ್ದು ನಿಲ್ಲುತ್ತಾರೆ.

"ಬಣ್ಣ ಬರದಿದ್ರೂ ಹೋಗ್ಲಿ. ಆ 'ಇನ್ನೊಂದ್ಸಲ ನೋಡು' ಅನ್ನೋದನ್ನ ಅವರು ನಿಲ್ಲಿಸ್ದೇ ಇದ್ರೆ ಸಾಕು."