ನಾಯಿಯ ಕೊರಳ ಗಾಯ

ಅರವತ್ತರ ದಶಕದ ಕೊನೆ ಇರಬೇಕು. ನಾನು ಮದುವೆಯಾಗಿ ಬಂದ ಮೊದಲ ಬೇಸಿಗೆ. ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ನನ್ನ ಗಂಡನ ಮನೆ. ಸೆಕೆ ತಾಳಲಾರದೆ ಹೆಂಗಸರು ಹೊರಗಿನ ಜಗಲಿಯಲ್ಲೇ ಮಲಗುತ್ತಿದ್ದೆವು.

ಒಂದು ಬೆಳಿಗ್ಗೆ ನೀರು ಕಾಯಿಸಲು ಹಿತ್ತಿಲಿಗೆ ಹೋದರೆ ಮನೆಯ ನಾಯಿ ನೀರೊಲೆಯ ಬೂದಿಯಲ್ಲಿ ಮುದುರಿಕೊಂಡಿತ್ತು. ಕರೆದರೂ ಏಳಲಿಲ್ಲ. ಕೊರಳ ಹತ್ತಿರ ಕೂದಲು ರಕ್ತಕ್ಕೆ ಅಂಟಿಕೊಂಡಿತ್ತು. ಅತ್ತೆಯನ್ನು ಕರೆದೆ. ಬೇಲಿಯ ಮುಳ್ಳು ಗೀರಿರಬೇಕು, ತೊಳೆದು ಅರಿಶಿನ ಹಚ್ಚಿದರೆ ವಾಸಿಯಾಗುತ್ತೆ ಎಂದರು.

ನಾನು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅತ್ತೆ ಕತ್ತರಿಯಿಂದ ಕೂದಲು ತೆಗೆದು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರು. ಕಡಲೆಕಾಳಿನಷ್ಟು ಅಗಲದ ಎರಡು ತೂತು, ಅಷ್ಟೇ. ಆಳವೂ ಇರಲಿಲ್ಲ. ನನಗೆ ಸಮಾಧಾನವಾಯಿತು. ಆಮೇಲೆ ಅವರು ಕತ್ತನ್ನು ಮಗ್ಗುಲಿಗೆ ತಿರುಗಿಸಿದರು. ಆ ಕಡೆಯೂ ಎರಡು ತೂತು. ಅತ್ತೆಯ ಕೈ ಅಲ್ಲೇ ನಿಂತಿತು.

ಮಾವ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದರು.

"ಮುಳ್ಳಲ್ಲ ಕಣಮ್ಮ ಇದು. ಚಿರತೆ ಹಲ್ಲು. ಕೊರಳಪಟ್ಟಿ ಎಲ್ಲಿ?"

ಅದಿಲ್ಲದ್ದನ್ನು ನಾವು ಗಮನಿಸಿಯೇ ಇರಲಿಲ್ಲ. ಎತ್ತಿನ ಗಂಟೆ ಕಟ್ಟುವ ದಪ್ಪ ಚರ್ಮವನ್ನು ಮಡಚಿ ಹೊಲಿದು ಮಾವನೇ ಹಾಕಿದ ಪಟ್ಟಿ. ಹಲ್ಲು ಪೂರ್ತಿ ಇಳಿಯದೆ ಹೋದದ್ದು ಅದರಿಂದಲೇ ಎಂದರು.

ಹುಡುಕಿದಾಗ ಅದು ಸಿಕ್ಕಿದ್ದು ನನ್ನ ಕಣ್ಣಿಗೆ. ಜಗಲಿಯ ಕೆಳಗೆ, ನನ್ನ ದಿಂಬಿದ್ದ ಜಾಗಕ್ಕೆ ನೇರವಾಗಿ, ಹರಿದು ಬಿದ್ದಿತ್ತು. ಸುತ್ತ ಮಣ್ಣು ಕೆದರಿತ್ತು. ಪಕ್ಕದಲ್ಲೇ ನನ್ನ ಅಂಗೈಯಷ್ಟು ಅಗಲದ ಹೆಜ್ಜೆ. ಹಿಂದಿನ ರಾತ್ರಿ ನನ್ನ ಪಕ್ಕದಲ್ಲಿ ಪುಟ್ಟ ನಾದಿನಿ ಅಂಚಿಗೆ ಹೊರಳಿ, ಕೈಯನ್ನು ಕೆಳಗೆ ಇಳಿಬಿಟ್ಟು ಮಲಗಿದ್ದಳು. ನಾವ್ಯಾರೂ ಒಂದು ಸದ್ದನ್ನೂ ಕೇಳಿರಲಿಲ್ಲ. ಓಡಿಹೋಗಿ ಅತ್ತೆಯನ್ನು ಕರೆದೆ.

ಅತ್ತೆ ಬಂದು ಹೆಜ್ಜೆ ನೋಡಿದರು. ಅಂಗಳದಲ್ಲಿ ಇದ್ದಿಲಿನಿಂದ ಹಲ್ಲುಜ್ಜುತ್ತಿದ್ದ ಮಗಳನ್ನು ನೋಡಿದರು.

"ಮಗೀಗೆ ಹೇಳ್ಬೇಡ," ಎಂದಷ್ಟೇ ಹೇಳಿ ಹಿತ್ತಿಲಿಗೆ ಹೋದರು.

ಬೇವಿನೆಣ್ಣೆಗೆ ಅರಿಶಿನ ಕಲಸಿ ಗಾಯಕ್ಕೆ ಹಚ್ಚುವಾಗ ಅವರು ಅರ್ಧವನ್ನು ನನ್ನ ಸೀರೆಯ ಮೇಲೆ ಚೆಲ್ಲಿದರು. ನಾಯಿ ಮಾತ್ರ ಮುಲುಗದೆ ಸಹಿಸಿಕೊಂಡಿತು.

ಕೆಲವು ದಿನಗಳಲ್ಲಿ ಗಾಯ ಒಣಗಿ ಹಕ್ಕಳೆ ಉದುರಿತು. ಆ ಬೇಸಿಗೆಯಿಡೀ ನಾವು ಬಾಗಿಲು ಹಾಕಿಕೊಂಡು ಒಳಗೇ ಬೆವೆತೆವು. ಮಾವ ನಾಯಿಯನ್ನೂ ಒಳಗೆ ಕರೆತಂದು ಗೋಣಿಚೀಲ ಹಾಸಿದರು. ಅಲ್ಲಿಯವರೆಗೆ ಅದನ್ನು ಹೊಸ್ತಿಲು ದಾಟಲು ಬಿಡದಿದ್ದ ಅತ್ತೆಯೇ ಅದರ ಪಕ್ಕ ನೀರಿನ ಬಟ್ಟಲು ತಂದಿಟ್ಟರು.